ಕ್ಷೇತ್ರ-ವಾಸ್ತುವಿನ ಮಿತಿ ಮತ್ತು ಹಂಪಿಯ ನೆಲದ ವಿವಾದಗಳು

ಶ್ರಾವಕನು ಮಿತಿಗೆ ಒಳಪಡಿಸಬೇಕಾದ ಪರಿಗ್ರಹಗಳನ್ನು ತತ್ತ್ವಾರ್ಥಸೂತ್ರವು ಹೆಸರಿಸುವಾಗ ಚಿನ್ನ ಬೆಳ್ಳಿಗಳಿಂದ ಆರಂಭಿಸುವುದಿಲ್ಲ. ಮೊದಲು ಬರುವುದು ಕ್ಷೇತ್ರ ಮತ್ತು ವಾಸ್ತು. ಹೊಲ ಮತ್ತು ಮನೆ, ಇಂದಿನ ಮಾತಿನಲ್ಲಿ ಜಮೀನು ಮತ್ತು ಕಟ್ಟಡ. ಈ ಅನುಕ್ರಮಕ್ಕೆ ವಿಶೇಷ ಉದ್ದೇಶವಿರಲಿ ಇಲ್ಲದಿರಲಿ, ನಮ್ಮ ಕಾಲದ ಅನುಭವಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಧಾನ್ಯವು ವರ್ಷವರ್ಷವೂ ಬೆಳೆಯುತ್ತದೆ, ಹಣವು ಕೈಯಿಂದ ಕೈಗೆ ಹರಿದು ಹೆಚ್ಚುತ್ತದೆ. ನೆಲ ಮಾತ್ರ ಇದ್ದಷ್ಟೇ ಇರುತ್ತದೆ. ಒಬ್ಬನ ಬಳಿ ಅದು ಹೆಚ್ಚಾಯಿತೆಂದರೆ ಮತ್ತೊಬ್ಬನ ಬಳಿ ಕಡಿಮೆಯಾಗಿದೆ ಎಂದೇ ಅರ್ಥ. ಆದ್ದರಿಂದ ನೆಲದ ವ್ಯಾಪಾರದಲ್ಲಿ ಉಳಿದ ವ್ಯಾಪಾರಗಳಲ್ಲಿಲ್ಲದ ಒಂದು ನೈತಿಕ ಪ್ರಶ್ನೆ ಸದಾ ಅಡಗಿರುತ್ತದೆ. ನಮ್ಮ ಸಮಾಜದ ಅನೇಕ ಕುಟುಂಬಗಳು ಇಂದು ನಿವೇಶನ, ವಾಣಿಜ್ಯ ಸಂಕೀರ್ಣ, ವಸತಿಗೃಹಗಳ ವ್ಯವಹಾರದಲ್ಲಿ ತೊಡಗಿರುವಾಗ, ಬಸದಿಗಳ ಟ್ರಸ್ಟುಗಳು ಅಂಗಡಿ ಮಳಿಗೆಗಳ ಬಾಡಿಗೆಯಿಂದಲೇ ನಿತ್ಯಪೂಜೆ ನಡೆಸುತ್ತಿರುವಾಗ, ಈ ಪ್ರಶ್ನೆಯನ್ನು ಗ್ರಂಥದ ಮಾತೆಂದು ಬದಿಗಿಡುವಂತಿಲ್ಲ.

ಪ್ರಶ್ನೆಯನ್ನು ಗಾಳಿಯಲ್ಲಿ ಎತ್ತುವುದಕ್ಕಿಂತ ಒಂದು ಸ್ಥಳವನ್ನು ಹಿಡಿದು ನೋಡುವುದು ಲೇಸು. ಹಂಪಿಯ ಸುತ್ತಲಿನ ನೆಲದಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ನಡೆದ ಸಂಗತಿಗಳು ಇದಕ್ಕೆ ಯೋಗ್ಯ ನಿದರ್ಶನವಾಗಿವೆ.

ಹಂಪಿಯ ಸ್ಮಾರಕಸಮೂಹವು ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. ಎರಡು ವರ್ಷಗಳ ತರುವಾಯ, 1988ರ ಅಕ್ಟೋಬರ್ 22ರಂದು ಕರ್ನಾಟಕ ಸರ್ಕಾರವು ತನ್ನ 1961ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಅನ್ವಯ ಇಲ್ಲಿನ ಹಳ್ಳಿಗಳ ನೆಲವನ್ನು ಸಂರಕ್ಷಿತ ಪ್ರದೇಶವೆಂದು ಅಧಿಸೂಚಿಸಿತು. ಆ ಕಾಯಿದೆಯ ನಿಬಂಧನೆಯೊಂದು ಗಮನಾರ್ಹವಾದುದು. ಸಂರಕ್ಷಿತ ಪ್ರದೇಶದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಯಾರೂ ಕಟ್ಟಡ ಕಟ್ಟುವಂತಿಲ್ಲ, ಕಲ್ಲು ತೆಗೆಯುವಂತಿಲ್ಲ, ಸಿಡಿಮದ್ದು ಇಡುವಂತಿಲ್ಲ. ಈ 'ಯಾರೂ' ಎಂಬುದರಲ್ಲಿ ಭೂಮಿಯ ಒಡೆಯನೂ ಸೇರಿದ್ದಾನೆ. ಆದರೆ ಬೇಸಾಯಕ್ಕೆ ಅಡ್ಡಿಯಿಲ್ಲ, ಒಂದು ಅಡಿಗಿಂತ ಆಳವಾಗಿ ಅಗೆಯದಿದ್ದರಾಯಿತು. ಪಟ್ಟಾ, ಪಹಣಿ, ಕ್ರಯಪತ್ರ ಎಲ್ಲವೂ ಒಬ್ಬನ ಹೆಸರಿನಲ್ಲಿರಬಹುದು. ಆದರೂ ಆ ನೆಲವನ್ನು ಏನಕ್ಕೆ ಬಳಸಬೇಕೆಂಬುದರ ಪೂರ್ಣ ಸ್ವಾತಂತ್ರ್ಯ ಅವನದಲ್ಲ. ಒಡೆತನ ಬೇರೆ, ಉಪಯೋಗದ ಹಕ್ಕು ಬೇರೆ. ನೇಗಿಲಿನ ಆಳವನ್ನು ಅಡಿಯ ಲೆಕ್ಕದಲ್ಲಿ ಕಾನೂನು ಬರೆದಿಟ್ಟಿರುವುದು ಓದುವವರಿಗೆ ವಿಚಿತ್ರವೆನಿಸಬಹುದು. ಪರಿಮಾಣವ್ರತವನ್ನು ಬಲ್ಲವರಿಗೆ ಅದು ಪರಿಚಿತ ಭಾಷೆಯೇ.

ವಿರೂಪಾಪುರ ಗಡ್ಡೆಯು ತುಂಗಭದ್ರೆಯ ನಡುವೆ, ವಿರೂಪಾಕ್ಷ ದೇವಾಲಯದ ಎದುರು ದಡದ ಕಡೆಗೆ ಇರುವ ಭೂಭಾಗ. ಆಡಳಿತದ ದೃಷ್ಟಿಯಿಂದ ಅದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದ್ದು. ಭತ್ತದ ಗದ್ದೆಗಳು, ಬಂಡೆಗಳು, ವಿಜಯನಗರ ಕಾಲದ ನೀರಾವರಿಯ ಕುರುಹುಗಳು ಇರುವ ಪ್ರದೇಶ. ಕಳೆದ ಶತಮಾನದ ಕೊನೆಯ ದಶಕದಿಂದ ಇಲ್ಲಿಗೆ ವಿದೇಶಿ ಪ್ರವಾಸಿಗರು ದೋಣಿ, ಹರಿಗೋಲುಗಳಲ್ಲಿ ದಾಟಿ ಬರತೊಡಗಿದರು. ಮೊದಲು ನಾಲ್ಕಾರು ಗುಡಿಸಲು, ಬಳಿಕ ಉಪಾಹಾರಗೃಹ, ಕೊನೆಗೆ ಸಾಲುಸಾಲಾಗಿ ರೆಸಾರ್ಟುಗಳು ಎದ್ದವು. ಗದ್ದೆಯ ಎಕರೆ ವರ್ಷಕ್ಕೆ ಕೊಡುತ್ತಿದ್ದುದನ್ನು ಕೊಠಡಿಗಳ ಬಾಡಿಗೆ ಕೆಲವೇ ವಾರಗಳಲ್ಲಿ ಕೊಡುವಂತಾದಾಗ ಭತ್ತ ಬೆಳೆಯುವವರು ಕಡಿಮೆಯಾಗುವುದು ಸಹಜವೇ ಸರಿ.

ಅಧಿಸೂಚನೆ 1988ರದು, ರೆಸಾರ್ಟುಗಳು ಬಹುಮಟ್ಟಿಗೆ ಅದರ ನಂತರದವು. 2002ರ ಕಾಯಿದೆಯಿಂದ ಹಂಪಿ ವಿಶ್ವಪರಂಪರಾ ಪ್ರದೇಶ ನಿರ್ವಹಣಾ ಪ್ರಾಧಿಕಾರವೂ ಅಸ್ತಿತ್ವಕ್ಕೆ ಬಂದಿತು. ಪ್ರಾಧಿಕಾರವು ಕಟ್ಟಡ ತೆರವಿಗೆ ನೋಟಿಸು ಕೊಟ್ಟಿತು, ಮಾಲೀಕರು ನ್ಯಾಯಾಲಯಕ್ಕೆ ಹೋದರು, ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅಧಿಸೂಚನೆಯು ಸ್ಮಾರಕಗಳಿಗೆ ಮಾತ್ರ ಸಂಬಂಧಿಸಿದ್ದು, ಗಡ್ಡೆಯ ಇಡೀ ನೆಲಕ್ಕಲ್ಲ ಎಂಬುದು ಅವರ ಮುಖ್ಯ ವಾದ. 2020ರ ಫೆಬ್ರವರಿ 11ರಂದು ನ್ಯಾಯಮೂರ್ತಿಗಳಾದ ಮೋಹನ ಶಾಂತನಗೌಡರ್ ಮತ್ತು ಆರ್. ಸುಭಾಷ್ ರೆಡ್ಡಿಯವರ ಪೀಠವು ಆ ವಾದವನ್ನು ತಳ್ಳಿಹಾಕಿ, ನೆಲವೇ ಸಂರಕ್ಷಿತವೆಂದು ಹೇಳಿ ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಮಾರ್ಚ್ ತಿಂಗಳ ಆರಂಭದಲ್ಲಿ ಯಂತ್ರಗಳು ಗಡ್ಡೆಗೆ ಬಂದವು. ಮೂವತ್ತು ವರ್ಷಗಳ ವ್ಯಾಪಾರ ಕೆಲವೇ ದಿನಗಳಲ್ಲಿ ನೆಲಸಮವಾಯಿತು.

ಇಷ್ಟನ್ನೇ ಕೇಳಿದರೆ ವಿಷಯ ಸರಳವಾಗಿ ಕಾಣುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಎಂಬುದೊಂದಿದೆ. ರಾಜ್ಯದ ನಿಯಮವನ್ನು ಮೀರಿ ಲಾಭ ಗಳಿಸುವುದನ್ನು ಆಚಾರ್ಯರು ಕಳ್ಳತನದ ಮಗ್ಗುಲಲ್ಲಿಯೇ ಇಟ್ಟಿದ್ದಾರೆ. ಗಡ್ಡೆಯ ಮಾಲೀಕನು ಯಾರ ಮನೆಗೂ ಕನ್ನ ಹಾಕಲಿಲ್ಲ, ತನ್ನ ನೆಲದಲ್ಲಿಯೇ ಕಟ್ಟಿದ. ಆದರೂ ಅದು ಅತಿಚಾರವೇ. ಇದರಲ್ಲಿ ನನಗೆ ಸಂಶಯವಿಲ್ಲ. ಸಂಶಯ ಹುಟ್ಟುವುದು ಇದಕ್ಕೆ ಒಂಬತ್ತು ವರ್ಷ ಹಿಂದೆ ನದಿಯ ಈಚೆ ದಡದಲ್ಲಿ ನಡೆದ ಇನ್ನೊಂದು ತೆರವನ್ನು ಪಕ್ಕದಲ್ಲಿಟ್ಟು ನೋಡಿದಾಗ.

ವಿರೂಪಾಕ್ಷ ದೇವಾಲಯದ ಮುಂದೆ ಪೂರ್ವಕ್ಕೆ ಚಾಚಿಕೊಂಡಿರುವ ರಥಬೀದಿಯನ್ನು ಜನರು ಹಂಪಿ ಬಜಾರು ಎನ್ನುತ್ತಾರೆ. ಎರಡೂ ಬದಿಗೆ ಕಲ್ಲಿನ ಸಾಲುಮಂಟಪಗಳು. ಆ ಮಂಟಪಗಳ ಕಂಬಗಳ ನಡುವೆ ಗೋಡೆ ಎಬ್ಬಿಸಿ ದಶಕಗಳಿಂದ ಕುಟುಂಬಗಳು ವಾಸವಾಗಿದ್ದವು. ಹೂವು-ಕಾಯಿ, ಚಹಾ, ಊಟ, ಬಟ್ಟೆ, ಪ್ರವಾಸಿಗರಿಗೆ ಕೊಠಡಿ, ಹೀಗೆ ಯಾತ್ರಿಕರನ್ನೇ ನಂಬಿದ ಬದುಕು. 2011ರ ಜುಲೈ 29ರಂದು ಈ ಮನೆ-ಅಂಗಡಿಗಳನ್ನು ಯಂತ್ರಗಳಿಂದ ಕೆಡವಲಾಯಿತು. ತೀರ ಕಡಿಮೆ ಮುನ್ಸೂಚನೆಯಲ್ಲಿ ನಡೆದ ಈ ಕಾರ್ಯದಲ್ಲಿ ನೆಲೆ ಕಳೆದುಕೊಂಡವರಿಗೆ ತರುವಾಯ ತೋರಿಸಿದ ಜಾಗ ಕಡ್ಡಿರಾಂಪುರ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿರುವ, ಹಳೆಯ ಮುಸ್ಲಿಂ ಗೋರಿಗಳಿಂದ ಚರಿತ್ರಕಾರರಿಗೆ ಪರಿಚಿತವಾದ ಸಣ್ಣ ಊರು ಅದು. ಹಂಪಿಯಿಂದ ದೂರ ನಾಲ್ಕು ಕಿಲೋಮೀಟರು ಮಾತ್ರ. ಆದರೆ ತೇರುಬೀದಿಯಲ್ಲಿ ಕಾಯಿ ಮಾರುತ್ತಿದ್ದವನಿಗೆ ನಾಲ್ಕು ಕಿಲೋಮೀಟರು ದೂರದ ನಿವೇಶನವೆಂದರೆ ಮಲಗಲು ಜಾಗ, ದುಡಿಯಲು ಅಲ್ಲ. ಯಾತ್ರಿಕರು ಕಡ್ಡಿರಾಂಪುರದಲ್ಲಿ ಇಳಿಯುವುದಿಲ್ಲ. ಅವರ ವಾಹನ ಅದನ್ನು ದಾಟಿ ಹೋಗುತ್ತದೆ.

ಕಾನೂನಿನ ಕಣ್ಣಿಗೆ ಇವೆರಡೂ ಒಂದೇ: ಸಂರಕ್ಷಿತ ನೆಲ, ಅನುಮತಿಯಿಲ್ಲದ ಕಟ್ಟಡ, ತೆರವು. ನ್ಯಾಯಾಲಯವು ಹಾಗೆಯೇ ನೋಡಬೇಕು. ಮುಖ ನೋಡಿ ಮಣೆ ಹಾಕುವ ನ್ಯಾಯಾಲಯವನ್ನು ಯಾರೂ ಬಯಸುವುದಿಲ್ಲ. ಆದರೆ ಧರ್ಮವಿಚಾರ ಮಾಡುವವರಿಗೆ ಇವೆರಡೂ ಒಂದೇ ಆಗಿ ಕಾಣುವುದು ಕಷ್ಟ. ಭೇದ ಎಲ್ಲಿದೆ ಎಂದು ಕೇಳಿದರೆ 'ಬಜಾರಿನವರು ಬಡವರು, ಗಡ್ಡೆಯವರು ಉಳ್ಳವರು' ಎಂದು ಥಟ್ಟನೆ ಹೇಳಿಬಿಡುವುದು ಸುಲಭ. ಆ ಉತ್ತರ ನನಗೆ ಒಪ್ಪಿಗೆಯಿಲ್ಲ. ಬಡತನವೆಂಬುದು ಪರವಾನಗಿಯಲ್ಲ, ಬಜಾರಿನಲ್ಲಿಯೂ ಮಂಟಪದ ತಲೆಯ ಮೇಲೆ ಅಂತಸ್ತು ಏರಿಸಿದವರಿದ್ದರು. ಗಡ್ಡೆಯಲ್ಲಿಯೂ ಎರಡು ಎಕರೆ ಗದ್ದೆಯ ಮೂಲೆಯಲ್ಲಿ ನಾಲ್ಕು ಗುಡಿಸಲು ಹಾಕಿ ಮಕ್ಕಳನ್ನು ಓದಿಸಿದ ರೈತನು ಇರಲಿಲ್ಲವೆಂದು ಯಾರು ಹೇಳಬಲ್ಲರು?

ಪರಿಮಾಣವ್ರತವು ಇಲ್ಲಿ ಬೇರೆಯದೇ ಆದ ಅಳತೆಗೋಲನ್ನು ಕೊಡುತ್ತದೆ. ಕಾನೂನು ಕೇಳುವುದು 'ಇದಕ್ಕೆ ಅನುಮತಿಯಿದೆಯೇ?' ಎಂದು. ವ್ರತವು ಕೇಳುವುದು 'ನಿನಗೆ ಎಷ್ಟು ಸಾಕು?' ಎಂದು; ಅದೂ ಮೊದಲೇ, ಕೊಳ್ಳುವ ಮುನ್ನವೇ. ಮಿತಿಯನ್ನು ಮುಂದಾಗಿ ಹೇಳಿಕೊಂಡವನು ಅದನ್ನು ಮುಟ್ಟಿದಾಗ ನಿಲ್ಲಬಲ್ಲ. ಹೇಳಿಕೊಳ್ಳದವನಿಗೆ ನಿಲ್ಲುವ ಜಾಗವೇ ಗೊತ್ತಾಗುವುದಿಲ್ಲ, ನಾಲ್ಕು ಗುಡಿಸಲು ನಲವತ್ತಾಗುವುದು ಹೀಗೆಯೇ. ವಾಸಕ್ಕಾಗಿ ಇಟ್ಟ ನೆಲಕ್ಕೆ ಸ್ವಾಭಾವಿಕವಾದ ಮಿತಿಯೊಂದಿದೆ. ಮನೆಮಂದಿ ಎಷ್ಟು ಜನವೋ ಅಷ್ಟು ಕೋಣೆ. ಬಾಡಿಗೆಗಾಗಿ ಇಟ್ಟ ನೆಲಕ್ಕೆ ಅಂತಹ ಸ್ವಾಭಾವಿಕ ಮಿತಿಯಿಲ್ಲ, ಅದನ್ನು ಒಡೆಯನೇ ಹಾಕಿಕೊಳ್ಳಬೇಕು. ಗೃಹಸ್ಥನ ಪರಿಗ್ರಹವನ್ನು ಸಂಪೂರ್ಣ ನಿಷೇಧಿಸದೆ ಅದಕ್ಕೆ ಪರಿಮಾಣ ಹೇಳಿದವರ ವಿವೇಕ ಇಲ್ಲಿದೆ. ಈ ಅಳತೆಗೋಲಿನಿಂದ ನೋಡಿದಾಗ ಗೆರೆ ಬೀಳುವುದು ನದಿಯ ಎರಡು ದಡಗಳ ನಡುವೆ ಅಲ್ಲ, ಎರಡೂ ದಡಗಳ ಒಳಗೇ. ಮಂಟಪದ ನೆರಳಿನಲ್ಲಿ ಸಂಸಾರ ಹೂಡಿದವನು ಒಂದು ಕಡೆ. ಅದೇ ಮಂಟಪವನ್ನು ಬಂಡವಾಳವಾಗಿ ಕಂಡವನು ಇನ್ನೊಂದು ಕಡೆ. ಇಬ್ಬರ ಗೋಡೆಯೂ ಉರುಳಿತು. ಆದರೆ ಒಬ್ಬನಿಗೆ ಸಮಾಜವು ಋಣಿಯಾಗಿದೆ.

ಋಣ ಎಂಬ ಮಾತು ಬಂದುದರಿಂದ ಮೂರನೆಯ ಪಕ್ಷದ ವಿಚಾರವನ್ನು ಎತ್ತಬೇಕು. ಪಾಪವು ತಾನು ಮಾಡಿದುದರಿಂದ ಮಾತ್ರವಲ್ಲ, ಮಾಡಿಸಿದುದರಿಂದಲೂ, ಮಾಡಿದ್ದನ್ನು ಅನುಮೋದಿಸಿದುದರಿಂದಲೂ ತಗಲುತ್ತದೆಂಬುದು ನಮ್ಮ ಮಕ್ಕಳೂ ಪಾಠಶಾಲೆಯಲ್ಲಿ ಕಲಿಯುವ ವಿಷಯ. ಅಧಿಸೂಚನೆಯು ರಾಜಪತ್ರದಲ್ಲಿ ಪ್ರಕಟವಾದ ಮೇಲೆ ಗಡ್ಡೆಯಲ್ಲಿ ಮೊದಲ ರೆಸಾರ್ಟು ಎದ್ದಾಗ ಒಂದು ಸರ್ಕಾರಿ ಜೀಪು ಬಂದು ಅಡಿಪಾಯದ ಹಂತದಲ್ಲಿಯೇ ನಿಲ್ಲಿಸಿದ್ದರೆ ಅಂದು ಹೋಗುತ್ತಿದ್ದುದು ಕೆಲವು ಚೀಲ ಸಿಮೆಂಟು. ಹಾಗಾಗಲಿಲ್ಲ. ವ್ಯಾಪಾರ ಎಲ್ಲರ ಕಣ್ಣೆದುರಿಗೇ ಬೆಳೆಯಿತು; ಪ್ರವಾಸೋದ್ಯಮದ ಹೆಗ್ಗಳಿಕೆಯಲ್ಲಿ ಆ ಪ್ರವಾಸಿಗರ ಲೆಕ್ಕವೂ ಸೇರುತ್ತಿತ್ತು. ಅಧಿಕಾರದಲ್ಲಿರುವವನ ಮೌನವು ನಿಯಮವನ್ನು ಅಳಿಸುವುದಿಲ್ಲವೆಂದು ನ್ಯಾಯಾಲಯ ಹೇಳುವುದು ಸರಿಯೇ. ಆದರೆ ಆ ಮೌನವು ಅನುಮೋದನೆಯಾಗಿತ್ತು ಎಂಬುದೂ ಅಷ್ಟೇ ಸರಿ. ಬಹಳ ವರ್ಷ ಸುಮ್ಮನಿದ್ದ ಕಚೇರಿಗಳು ತೆರವಿನ ದಿನ ಏನನ್ನೂ ಕಳೆದುಕೊಳ್ಳಲಿಲ್ಲ. ಅಡುಗೆಯವರು, ದೋಣಿ ನಡೆಸುವವರು, ಕೊಠಡಿ ಗುಡಿಸುವವರು ಮಾರನೆಯ ದಿನದಿಂದಲೇ ಕೆಲಸವಿಲ್ಲದೆ ಕುಳಿತರು. ಅದೇ ತಿಂಗಳ ಕೊನೆಗೆ ಸಾಂಕ್ರಾಮಿಕದ ದಿಗ್ಬಂಧನವೂ ಬಂದು ಸೇರಿತು. ಲಾಭವು ಮೇಲಕ್ಕೆ ಏರುತ್ತದೆ, ನಷ್ಟವು ನೀರಿನಂತೆ ತಗ್ಗಿಗೆ ಹರಿಯುತ್ತದೆ. ಬಳಿಕ ವ್ಯಾಪಾರವು ನಿಂತಿತೇ ಎಂದರೆ ಅದೂ ಇಲ್ಲ. ಸಾಣಾಪುರ, ಆನೆಗೊಂದಿಗಳ ಕಡೆಗೆ ಸರಿಯಿತು.

ಗಡ್ಡೆಯಲ್ಲಿ ಒಡೆಯನಿಗೆ ಒಂದು ಮುಖವಿತ್ತು; ಅವನು ಊರಿನವನೋ, ಊರಿನವನಿಂದ ಗುತ್ತಿಗೆ ಪಡೆದವನೋ ಆಗಿದ್ದ. ಒಡೆಯನು ಕಂಪನಿಯಾದಾಗ ಹೊಣೆಯನ್ನು ಹುಡುಕುವುದು ಇನ್ನೂ ಕಠಿಣವಾಗುತ್ತದೆ. ಗಡ್ಡೆಯ ತೀರ್ಪಿಗೆ ಒಂದು ತಿಂಗಳು ಮುಂಚೆ, 2020ರ ಜನವರಿ 11 ಮತ್ತು 12ರಂದು, ಕೇರಳದ ಕೊಚ್ಚಿಯ ಬಳಿಯ ಮರಡುವಿನಲ್ಲಿ ನಾಲ್ಕು ಬಹುಮಹಡಿ ವಸತಿ ಸಂಕೀರ್ಣಗಳನ್ನು ಸಿಡಿಮದ್ದಿನಿಂದ ಕೆಡವಿದ್ದನ್ನು ಓದುಗರು ದೂರದರ್ಶನದಲ್ಲಿ ನೋಡಿರಬಹುದು. ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿ ಅವನ್ನು ಕಟ್ಟಲಾಗಿತ್ತೆಂದು 2019ರ ಮೇ 8ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು. ನಾಲ್ಕರಲ್ಲಿ ಒಂದರ ಹೆಸರು ಜೈನ್ಸ್ ಕೋರಲ್ ಕೋವ್, ಕಟ್ಟಿದ್ದು ಚೆನ್ನೈನ ಜೈನ್ ಹೌಸಿಂಗ್ ಸಂಸ್ಥೆ. ಹೆಸರಿನಲ್ಲಿ ಧರ್ಮದ ಗುರುತಿರುವ ಕಾರಣಕ್ಕೆ ಆ ಸಂಸ್ಥೆಯ ಮೇಲೆ ಹೆಚ್ಚಿನ ಆರೋಪ ಹೊರಿಸುವುದು ನ್ಯಾಯವಲ್ಲ. ಉಳಿದ ಮೂವರ ಸ್ಥಿತಿಯೂ ಅದೇ ಆಗಿತ್ತು. ನಿರ್ಮಾಪಕರ ಪರವಾಗಿಯೂ ಹೇಳಬೇಕಾದುದಿದೆ. ಅಂದಿನ ಮರಡು ಪಂಚಾಯಿತಿಯೇ ಅವರಿಗೆ 2006ರಲ್ಲಿ ಪರವಾನಗಿ ಕೊಟ್ಟಿತ್ತು, ಕೇರಳ ಹೈಕೋರ್ಟು ಅವರ ಪರ ತೀರ್ಪು ನೀಡಿತ್ತು. ಆದರೂ ಒಂದು ಇರಿಸುಮುರಿಸು ಉಳಿಯುತ್ತದೆ. ಹೆಸರನ್ನು ನೋಡಿ ವಿಶ್ವಾಸವಿಟ್ಟು ಹಣ ಕಟ್ಟಿದವರು ಇದ್ದಿರಲೇಬೇಕು.

ಮರಡುವಿನಲ್ಲಿ ಹಾನಿ ಯಾರಿಗಾಯಿತು? ಮನೆ ಕೊಂಡವರಿಗೆ. ಪ್ರತಿ ಮನೆಯವರಿಗೂ ಮಧ್ಯಂತರ ಪರಿಹಾರವಾಗಿ 25 ಲಕ್ಷ ರೂಪಾಯಿ ಕೊಡುವಂತೆ, ಅದನ್ನು ನಿರ್ಮಾಪಕರಿಂದ ವಸೂಲು ಮಾಡಲು ಅವಕಾಶವಿರುವಂತೆ ನ್ಯಾಯಾಲಯ ಆದೇಶಿಸಿತು. ಗಮನಿಸಿ, ಕೊಂಡವರಿಗೆ ಸಿಕ್ಕ ಈ ರಕ್ಷಣೆಯು ಹಂಪಿ ಬಜಾರಿನವರಿಗೆ ಅಷ್ಟು ಬೇಗ, ಅಷ್ಟು ಸ್ಪಷ್ಟವಾಗಿ ಸಿಗಲಿಲ್ಲ. ಅವರ ಬಳಿ ನೋಂದಾಯಿತ ಕ್ರಯಪತ್ರವಿರಲಿಲ್ಲ, ಇದ್ದುದು ಇಷ್ಟು ವರ್ಷದ ವಾಸ ಮಾತ್ರ.

ಕಂಪನಿಯ ರಚನೆಯಲ್ಲಿ ನಿರ್ದೇಶಕನು ಮಂಡಳಿಯ ನಿರ್ಣಯವನ್ನು ತೋರಿಸುತ್ತಾನೆ, ಮಂಡಳಿಯು ಷೇರುದಾರರ ಹಿತವನ್ನು ತೋರಿಸುತ್ತದೆ, ಷೇರುದಾರನಿಗೆ ನೆಲ ಎಲ್ಲಿದೆಯೆಂಬುದೇ ತಿಳಿಯದು. ಸೀಮಿತ ಹೊಣೆ ಎಂಬುದು ಸಾಲದ ವಿಷಯದಲ್ಲಿ ಒಳ್ಳೆಯ ವ್ಯವಸ್ಥೆ. ಅದಿಲ್ಲದೆ ದೊಡ್ಡ ಉದ್ಯಮ ನಡೆಯಲಾರದು. ಆದರೆ ಸಾಲಕ್ಕೆ ಹಾಕಿದ ಮಿತಿಯನ್ನು ಪಾಪಕ್ಕೂ ಹಾಕಿಕೊಂಡಂತೆ ನಡೆಯುವ ಅಭ್ಯಾಸ ಬೆಳೆದಿದೆ. ನಮ್ಮ ನಾಡಿನ ಹಳೆಯ ವರ್ತಕ ಸಂಘಗಳ ನೆನಪಾಗುತ್ತದೆ. ಅಯ್ಯಾವೊಳೆಯ ಐನೂರ್ವರು ದಕ್ಷಿಣದುದ್ದಕ್ಕೂ ವ್ಯಾಪಾರ ಮಾಡಿದರು, ತಮ್ಮ ನಡವಳಿಯನ್ನು ಬಣಂಜುಧರ್ಮವೆಂದು ಕರೆದುಕೊಂಡರು, ಸರಕಿನ ಮೇಲೆ ಸುಂಕ ಹಾಕಿಕೊಂಡು ದೇಗುಲಗಳಿಗೂ ಬಸದಿಗಳಿಗೂ ದತ್ತಿ ಬಿಟ್ಟರು. ಅವರೆಲ್ಲ ಸಂತರಾಗಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಸಂಘದ ಹೆಸರಿನ ಹಿಂದೆ ಸದಸ್ಯನು ಮರೆಯಾಗುವ ಬದಲು, ಸಂಘದ ಧರ್ಮವನ್ನು ತಾನೂ ಹೊರಬೇಕೆಂಬ ಭಾವನೆ ಅಲ್ಲಿ ಇತ್ತು. ಇಂದು ಭೂವ್ಯವಹಾರದ ಸಂಸ್ಥೆಯೊಂದರಲ್ಲಿ ಹಣ ತೊಡಗಿಸುವ ಶ್ರಾವಕನು ಆ ಸಂಸ್ಥೆ ಕಟ್ಟುತ್ತಿರುವುದು ಯಾವ ಕೆರೆಯ ಅಂಗಳದಲ್ಲಿ, ಯಾರು ಬಿಟ್ಟುಹೋದ ಜಾಗದಲ್ಲಿ ಎಂದು ವಿಚಾರಿಸುವುದು ಅತಿಯಾದ ನಿರೀಕ್ಷೆಯೇನಲ್ಲ. ವಿಚಾರಿಸದೆ ಲಾಭಾಂಶ ಪಡೆದರೆ ಅದು ಅನುಮೋದನೆಯಲ್ಲದೆ ಬೇರೇನು?

ಟ್ರಸ್ಟುಗಳ ವಿಷಯಕ್ಕೆ ಬರೋಣ. ಹಂಪಿಯ ಪಾನ್‌ಸುಪಾರಿ ಬಜಾರಿನಲ್ಲಿ ಇಮ್ಮಡಿ ದೇವರಾಯನು 1426ರಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಲ್ಲಿನಲ್ಲಿ ಕಟ್ಟಿಸಿದ. ಅದು ಅಡಿಕೆ-ವೀಳ್ಯದೆಲೆ ಮಾರುವ ಬೀದಿಯಲ್ಲಿದೆಯೆಂದು ಶಾಸನವೇ ಹೇಳುತ್ತದೆ. ಅಂಗಡಿಗಳ ನಡುವೆ ಜಿನಾಲಯವಿರುವುದು ಆ ಕಾಲಕ್ಕೆ ಮುಜುಗರದ ವಿಷಯವಾಗಿರಲಿಲ್ಲ. ಅದಕ್ಕಿಂತ ನಲವತ್ತು ವರ್ಷ ಹಿಂದೆ ದಂಡನಾಯಕ ಇರುಗಪ್ಪನು ಕಟ್ಟಿಸಿದ ಕುಂಥುನಾಥ ಚೈತ್ಯಾಲಯವು ಕಮಲಾಪುರ-ಕಂಪ್ಲಿ ರಸ್ತೆಯಲ್ಲಿ ಇಂದಿಗೂ ನಿಂತಿದೆ. ಜನರ ಬಾಯಲ್ಲಿ ಅದು ಗಾಣಿಗಿತ್ತಿ ಗುಡಿ. ಸೇನಾಪತಿಯ ಹೆಸರು ಮಾನಸ್ತಂಭದ ಶಾಸನದಲ್ಲಿ ಉಳಿಯಿತು, ಗಾಣದ ಹೆಂಗಸಿನ ಹೆಸರು ಊರಿನ ನಾಲಗೆಯಲ್ಲಿ. ಬಸದಿ ಮತ್ತು ವ್ಯಾಪಾರ ಪರಸ್ಪರ ಶತ್ರುಗಳಲ್ಲ ಎಂಬುದಕ್ಕೆ ಈ ಎರಡು ಕಟ್ಟಡಗಳೇ ಸಾಕು.

ಭೂಸುಧಾರಣೆಯಿಂದ, ಅಂದರೆ 1974ರ ಮಾರ್ಚ್ 1ರಿಂದ, ಗೇಣಿಯ ಜಮೀನುಗಳು ಉಳುವವರಿಗೆ ಹೋದ ಮೇಲೆ ಅನೇಕ ಧಾರ್ಮಿಕ ಸಂಸ್ಥೆಗಳು ಮಳಿಗೆ ಕಟ್ಟಿ ಬಾಡಿಗೆಯ ಆದಾಯವನ್ನು ಅವಲಂಬಿಸಿದವು. ಇದರಲ್ಲಿ ದೋಷವಿಲ್ಲ. ಪಂಡಿತ ಆಶಾಧರರು ಗೃಹಸ್ಥನ ಗುಣಗಳಲ್ಲಿ ನ್ಯಾಯದಿಂದ ಗಳಿಸಿದ ಧನವನ್ನು ಮೊದಲು ಎಣಿಸಿದ್ದಾರೆ. ಗೃಹಸ್ಥನಿಗೆ ಹೇಳಿದ್ದು ಅವನ ದೇವಾಲಯಕ್ಕೆ ಅನ್ವಯಿಸದೆ ಇರಲಾರದು. ಭೂವ್ಯಾಪಾರದ ಸಂಸ್ಥೆಯೊಂದು ಮಾನಸ್ತಂಭಕ್ಕೋ ಪ್ರವಚನ ಮಂದಿರಕ್ಕೋ ದೇಣಿಗೆ ತಂದಾಗ ಆ ಧನ ಹುಟ್ಟಿದ ನೆಲದ ಭೂಪರಿವರ್ತನೆಯ ಆದೇಶವನ್ನು ನೋಡಬೇಕೆಂದು ಕೇಳಿದರೆ ದಾನಿಗೆ ಬೇಸರವಾದೀತೆಂಬ ಅಳುಕು ನಮ್ಮ ಪದಾಧಿಕಾರಿಗಳಲ್ಲಿದೆ. ಯೋಗ್ಯ ದಾನಿಗೆ ಬೇಸರವಾಗಲು ಕಾರಣ ಕಾಣುವುದಿಲ್ಲ.

ಇದಕ್ಕಿಂತ ತುರ್ತಾದ ವಿಷಯ ನಮ್ಮ ಯಾತ್ರಿನಿವಾಸಗಳದು. ಕೇಂದ್ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ವಲಯ, ಅದರಾಚೆಗಿನ 200 ಮೀಟರು ನಿಯಂತ್ರಿತ ವಲಯ. ಕರ್ನಾಟಕದ ಅನೇಕ ಬಸದಿಗಳು ಸಂರಕ್ಷಿತ ಸ್ಮಾರಕಗಳೇ ಆಗಿವೆ. ಅವುಗಳ ಮಗ್ಗುಲಲ್ಲಿ ಯಾತ್ರಿಕರಿಗೆ ಕೊಠಡಿ ಕಟ್ಟಿಸುವ ಸದುದ್ದೇಶ ಪ್ರತಿ ಟ್ರಸ್ಟಿಗೂ ಇರುತ್ತದೆ. 'ಧರ್ಮಕಾರ್ಯ, ಯಾರೂ ಕೇಳುವುದಿಲ್ಲ' ಎಂಬ ಮಾತು ಸಭೆಗಳಲ್ಲಿ ಕೇಳಿಬರುವುದುಂಟು. ಗಡ್ಡೆಯಲ್ಲಿಯೂ ಬಹಳ ವರ್ಷ ಯಾರೂ ಕೇಳಿರಲಿಲ್ಲ. ಶಿಲಾನ್ಯಾಸದ ಮುಹೂರ್ತಕ್ಕೆ ಮೊದಲು ಲಿಖಿತ ಅನುಮತಿ ಕೈಯಲ್ಲಿರಬೇಕು, ಸಾಲದೆ ಬಂದರೆ ಊರ ಹೊರಗೆ ಕಟ್ಟಬೇಕು. ಕಟ್ಟುವ ಜಾಗದಲ್ಲಿ ಈಗಾಗಲೇ ಹೂವಿನ ಅಂಗಡಿಯೋ ಚಹಾದ ಡಬ್ಬಿಯಂಗಡಿಯೋ ಇದ್ದರೆ ಅವರಿಗೆ ಅದೇ ಬೀದಿಯಲ್ಲಿ, ಯಾತ್ರಿಕರು ನಡೆದು ಬರುವ ದಾರಿಯಲ್ಲಿಯೇ ಬದಲಿ ಜಾಗ ಕೊಡುವ ಖರ್ಚನ್ನು ಇಂಜಿನಿಯರು ತಯಾರಿಸುವ ಅಂದಾಜು ಪಟ್ಟಿಯಲ್ಲಿ ಸಿಮೆಂಟು ಕಬ್ಬಿಣಗಳ ಜೊತೆಗೆ ಮೊದಲೇ ಬರೆಸಬೇಕು.